ಪ್ರಯೋಗ ಮಾಡಲಾಗದ ಸಂಶೋಧನೆಗೆ ಯಾವ ವಿಧಾನ ಹಿಡಿಯಬೇಕು?

"ಮೇಡಂ, ನಂದು ಸರ್ವೆ ವಿಧಾನಾನಾ, ಸಹಸಂಬಂಧಾನಾ, ಕಾರಣ-ತುಲನೆನಾ? ಸಿನಾಪ್ಸಿಸ್ ಸೋಮವಾರ ಕೊಡಬೇಕು."

ಈ ತಿಂಗಳು ಹೆಚ್ಚು ಕಡಿಮೆ ಇದೇ ಪ್ರಶ್ನೆಯನ್ನು ಮೂವರು ಕೇಳಿದರು. (ಸಿನಾಪ್ಸಿಸ್ ಎಂದರೆ ಸಂಶೋಧನೆಗೆ ಮೊದಲು ಕೊಡುವ ಯೋಜನೆಯ ಸಾರಾಂಶ.) ಒಬ್ಬಳು ಮಂಡ್ಯದಲ್ಲಿ ಎಂ.ಎಡ್. ಓದುತ್ತಿದ್ದಾಳೆ. ಹಳ್ಳಿಯಿಂದ ಬಸ್ಸಿನಲ್ಲಿ ಓಡಾಡುವ ಪಿಯುಸಿ ಮಕ್ಕಳ ಅಂಕಗಳ ಬಗ್ಗೆ ಅವಳ ಡೆಸರ್ಟೇಶನ್. ಕೈಯಲ್ಲಿರುವುದು ನಾಲ್ಕೇ ತಿಂಗಳು. ಇನ್ನೊಬ್ಬರು ಮೈಸೂರಿನ ನರ್ಸ್, ಕೆಲಸದ ಜೊತೆಗೇ ಎಂ.ಎಸ್ಸಿ. ಮಾಡುತ್ತಿದ್ದಾರೆ. ಕಡಿಮೆ ತೂಕದ ಮಕ್ಕಳು ಯಾಕೆ ಹುಟ್ಟುತ್ತವೆ ಎಂದು ನೋಡುವ ಆಸೆ ಅವರಿಗೆ. ಮೂರನೆಯವರು ಮಾನಸಗಂಗೋತ್ರಿಯ ಪಿಎಚ್.ಡಿ. ವಿದ್ಯಾರ್ಥಿ. ಕಬ್ಬು ಬೆಳೆಯುವ ಮನೆಗಳ ಸಾಲ, ಆ ಮನೆಯ ಮಕ್ಕಳ ಓದು, ಇವೆರಡನ್ನೂ ಜೋಡಿಸಿ ನೋಡಬೇಕಂತೆ.

ಮೂವರಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಇದೇ ಗೊಂದಲದಲ್ಲಿರುವ ಇನ್ನೂ ಎಷ್ಟೋ ಜನ ಇದ್ದಾರೆ.

ಮೊದಲು ಒಂದು ಮಾತು. ಮೂವರ ವಿಷಯದಲ್ಲೂ ಪ್ರಯೋಗ ಮಾಡಲಾಗುವುದಿಲ್ಲ. ಪ್ರಯೋಗ ಎಂದರೆ ಯಾರಿಗೆ ಏನು ಸಿಗಬೇಕು ಎಂದು ಸಂಶೋಧಕರೇ ಚೀಟಿ ಎತ್ತಿ ಹಂಚುವುದು. ನೀನು ದಿನಾ ಎರಡು ಗಂಟೆ ಬಸ್ಸಿನಲ್ಲಿ ಕೂರು, ನೀನು ಹಾಸ್ಟೆಲಿನಲ್ಲಿರು ಎಂದು ಮಕ್ಕಳಿಗೆ ಹೇಳಲು ಬರುತ್ತದಾ? ಬಸುರಿಗೆ ರಕ್ತಹೀನತೆ ಬರಲಿ ಎಂದು ಬಿಡಲು ಸಾಧ್ಯವಾ? ಸಾಲವನ್ನಂತೂ ಹಂಚಲು ಬರುವುದೇ ಇಲ್ಲ. ಬದುಕು ಆಗಲೇ ಹಂಚಿಬಿಟ್ಟಿರುತ್ತದೆ. ನಾವು ಹೋಗಿ ಅಳೆಯುತ್ತೇವೆ, ಅಷ್ಟೆ. ಹಾಗೆಂದು ಇದು ಎರಡನೇ ದರ್ಜೆಯ ಕೆಲಸ ಅಲ್ಲ. ಸಿಗರೇಟು ಶ್ವಾಸಕೋಶದ ಕ್ಯಾನ್ಸರ್ ತರುತ್ತದೆ ಎಂದು ನಮಗೆ ಗೊತ್ತಾಗಿದ್ದು ಯಾರಿಗೂ ಸಿಗರೇಟು ಕೊಟ್ಟು ಪ್ರಯೋಗ ಮಾಡಿದ್ದರಿಂದ ಅಲ್ಲ, ಇಂಥ ಅಧ್ಯಯನಗಳಿಂದಲೇ.

ಏನನ್ನು ನೋಡಿ ಆರಿಸಬೇಕು?

ವಿಧಾನದ ಹೆಸರನ್ನು ಸದ್ಯಕ್ಕೆ ಬದಿಗಿಡಿ. ನಾಲ್ಕು ವಿಷಯ ಕೇಳಿಕೊಳ್ಳಿ.

ಒಂದು, ನಿಮಗೆ ಬೇಕಾಗಿರುವುದು ಏನು? ಎಷ್ಟಿದೆ, ಹೇಗಿದೆ ಎಂದು ಹೇಳುವುದಾ? ಮುಂದೆ ಯಾರಿಗೆ ತೊಂದರೆ ಆಗಬಹುದು ಎಂದು ಮೊದಲೇ ಊಹಿಸುವುದಾ? ಅಥವಾ ಯಾಕೆ ಹೀಗಾಗುತ್ತದೆ ಎಂದು ವಿವರಿಸುವುದಾ? ಮೂರೂ ಬೇರೆ ಬೇರೆ ಕೆಲಸ.

ಎರಡು, ಕಾಲ. ಒಂದೇ ಸಲ ಹೋಗಿ ಅಳೆಯುತ್ತೀರಾ, ಹಿಂದಿನದನ್ನು ಕೆದಕುತ್ತೀರಾ, ಅಥವಾ ಅದೇ ಜನರ ಹಿಂದೆ ವರ್ಷಗಟ್ಟಲೆ ಹೋಗುತ್ತೀರಾ?

ಮೂರು, ಫಲಿತಾಂಶಕ್ಕೆ ಬೇರೆ ಯಾವ ಕಾರಣ ಇರಬಹುದು, ಅದನ್ನೂ ಅಳೆಯಲು ನಿಮ್ಮಿಂದ ಆಗುತ್ತದಾ? ಇಡೀ ಕೆಲಸದ ಪ್ರಾಣ ಇರುವುದು ಈ ಪ್ರಶ್ನೆಯಲ್ಲೇ.

ನಾಲ್ಕು, ಕಾಲು ಮತ್ತು ಕಾಸು. ಎಷ್ಟು ದಿನ ಓಡಾಡಬಲ್ಲಿರಿ, ಎಷ್ಟು ಪ್ರಶ್ನಾವಳಿ ಪ್ರಿಂಟ್ ಮಾಡಿಸಬಲ್ಲಿರಿ? ಲೆಕ್ಕ ಹಾಕುವ ಸಾಫ್ಟ್‌ವೇರಿಗೆ ಮಾತ್ರ ದುಡ್ಡು ಸುರಿಯಬೇಡಿ. ಜಮೋವಿ, ಆರ್ ಎರಡೂ ಪುಕ್ಕಟೆ. ಎಂ.ಎಡ್. ಮಟ್ಟದ ಕೆಲಸಕ್ಕೆ ಜಮೋವಿ ಧಾರಾಳವಾಗಿ ಸಾಕು.

ಮೊದಲ ಎರಡು ಪ್ರಶ್ನೆಗಳನ್ನು ನಾನು ಹೊಸದಾಗಿ ಹುಟ್ಟಿಸಿದ್ದಲ್ಲ. ಬರ್ಕ್ ಜಾನ್ಸನ್ ಎಂಬ ಅಮೆರಿಕದ ವಿದ್ವಾಂಸರು 2001ರಲ್ಲಿ ಇದನ್ನೇ ಹೇಳಿದರು. ಪ್ರಯೋಗವಲ್ಲದ ಸಂಶೋಧನೆಯನ್ನು ಉದ್ದೇಶ ಮತ್ತು ಕಾಲ ನೋಡಿ ವಿಂಗಡಿಸಿ ಎಂದರು. ಮೂರು ಉದ್ದೇಶ, ಮೂರು ಕಾಲ. ಗುಣಿಸಿದರೆ ಒಂಬತ್ತು ಮನೆ. ನಿಮ್ಮ ಅಧ್ಯಯನ ಯಾವ ಮನೆಯಲ್ಲಿ ಕೂರುತ್ತದೆ ಎಂದು ಹೇಳಿಬಿಟ್ಟರೆ ಅರ್ಧ ಸಿನಾಪ್ಸಿಸ್ ಬರೆದ ಹಾಗೆ.

ವರ್ಣನಾತ್ಮಕ ಸಮೀಕ್ಷೆ

ಎಷ್ಟು ಮಕ್ಕಳು ಬಸ್ಸಿನಲ್ಲಿ ಬರುತ್ತಾರೆ, ಎಷ್ಟು ಹೊತ್ತು ಹೋಗುತ್ತದೆ, ಬೆಳಿಗ್ಗೆ ತಿಂಡಿ ತಿಂದು ಬರುತ್ತಾರಾ ಎನ್ನುವುದಕ್ಕೆ ಇದು ಸರಿಯಾದ ದಾರಿ. ಸುಲಭ, ಬೇಗ ಮುಗಿಯುತ್ತದೆ, ಖರ್ಚೂ ಕಡಿಮೆ.

ಆದರೆ ಇದರ ಬೆಲೆ ಪೂರ್ತಿ ನಿಂತಿರುವುದು ಜನರನ್ನು ಹೇಗೆ ಆರಿಸಿದಿರಿ ಎನ್ನುವುದರ ಮೇಲೆ. ಎಲ್ಲ ಡೆಸರ್ಟೇಶನ್‌ಗಳಲ್ಲೂ 384 ಎಂಬ ಸಂಖ್ಯೆ ಕಾಣುತ್ತದೆ, ಅಲ್ವಾ? ಅದು ಬರುವುದು ಒಂದು ಲೆಕ್ಕದಿಂದ. ಶೇ. 95 ಭರವಸೆಯಲ್ಲಿ, ಶೇ. 5ರಷ್ಟು ಆಚೀಚೆ ಆದರೂ ಪರವಾಗಿಲ್ಲ ಎಂದುಕೊಂಡರೆ, ದೊಡ್ಡ ಜನಸಂಖ್ಯೆಗೆ 384 ಜನ ಸಾಕು. ಈ ಲೆಕ್ಕ ನಿಲ್ಲುವುದು ಪಟ್ಟಿಯಿಂದ ಲಾಟರಿ ಎತ್ತಿ ಒಬ್ಬೊಬ್ಬರನ್ನಾಗಿ ಆರಿಸಿದಾಗ ಮಾತ್ರ. ಪರಿಚಯದ ಲೆಕ್ಚರರ್ ಇರುವ ಮೂರು ಕಾಲೇಜಿಗೆ ಹೋಗಿ 384 ಫಾರಂ ತುಂಬಿಸಿಕೊಂಡು ಬಂದರೆ ಅದು ಮಂಡ್ಯ ಜಿಲ್ಲೆಯ ಚಿತ್ರ ಆಗುವುದಿಲ್ಲ, ಆ ಮೂರು ಕಾಲೇಜಿನ ಚಿತ್ರ ಆಗುತ್ತದೆ. ಒಂದೇ ತರಗತಿಯ ಮಕ್ಕಳು ಒಬ್ಬರನ್ನೊಬ್ಬರು ಹೋಲುತ್ತಾರೆ ಬೇರೆ. ಹಾಗಾಗಿ ಕಾಲೇಜು ಜಾಸ್ತಿ, ಒಂದೊಂದರಲ್ಲಿ ಮಕ್ಕಳು ಕಡಿಮೆ ಎಂದು ಇಟ್ಟುಕೊಳ್ಳಿ. ಮಂಡ್ಯ, ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ, ಕೆ.ಆರ್. ಪೇಟೆ ಏಳು ತಾಲ್ಲೂಕಿನಿಂದಲೂ ಎರಡೆರಡು ಕಾಲೇಜು ಎತ್ತಿದರೆ 14 ಕಾಲೇಜು. ದಿನಕ್ಕೊಂದು ಎಂದರೂ ಮೂರು ವಾರದ ಕೆಲಸ. ಆಗದ ಮಾತೇನಲ್ಲ.

ಸಮೀಕ್ಷೆಯಿಂದ ಯಾಕೆ ಎಂಬುದಕ್ಕೆ ಉತ್ತರ ಸಿಗುವುದಿಲ್ಲ. ಅದು ಬೇಕೆಂದರೆ ಮುಂದಿನದಕ್ಕೆ ಹೋಗಬೇಕು.

ಸಹಸಂಬಂಧ ಮತ್ತು ಕಾರಣ-ತುಲನೆ

ಇವೆರಡನ್ನೂ ಒಟ್ಟಿಗೆ ಇಟ್ಟಿದ್ದೇನೆ. ಬೇಕಂತಲೇ ಇಟ್ಟಿದ್ದು.

ನಮ್ಮ ಕಡೆ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ. ಸಹಸಂಬಂಧ ಬರೀ ಸಂಬಂಧ ಹೇಳುತ್ತದೆ, ಕಾರಣ-ತುಲನೆ ಕಾರಣವನ್ನೇ ಹೇಳುತ್ತದೆ ಎಂದು. ಹೆಸರಿನಲ್ಲೇ ಕಾರಣ ಇದೆಯಲ್ಲ! ಜಾನ್ಸನ್ ಅವರ ಮುಖ್ಯ ತಕರಾರು ಇದರ ಮೇಲೇ ಇತ್ತು. ನನಗೂ ಅವರ ಮಾತೇ ಸರಿ ಅನ್ನಿಸುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಒಂದೇ. ಬಸ್ಸಿನಲ್ಲಿ ಕಳೆಯುವ ಹೊತ್ತನ್ನು ನಿಮಿಷಗಳಲ್ಲಿ ಅಳೆದು ಅಂಕದ ಜೊತೆ ಜೋಡಿಸಿದರೆ ಸಹಸಂಬಂಧ. ಬಸ್ಸಿನಲ್ಲಿ ಬರುವವರು, ಹಾಸ್ಟೆಲಿನವರು ಎಂದು ಎರಡು ಗುಂಪು ಮಾಡಿ ಸರಾಸರಿ ಹೋಲಿಸಿದರೆ ಕಾರಣ-ತುಲನೆ. ಕಾರಣ ಹೇಳುವ ಶಕ್ತಿ ಎರಡಕ್ಕೂ ಒಂದೇ, ಎರಡಕ್ಕೂ ಅಷ್ಟೇ ಕಡಿಮೆ.

ಲೆಕ್ಕದಲ್ಲೇ ನೋಡೋಣ. ಈ ಅಂಕಿಗಳು ನಾನು ಕಟ್ಟಿಕೊಂಡವು. ಹಾಸ್ಟೆಲಿನ 100 ಮಕ್ಕಳ ಸರಾಸರಿ 68, ಬಸ್ಸಿನ 100 ಮಕ್ಕಳ ಸರಾಸರಿ 62 ಅಂದುಕೊಳ್ಳಿ. ಆರು ಅಂಕ ಹೋಯಿತು, ಬಸ್ ಓಡಾಟವೇ ಕಾರಣ ಎಂದು ಬರೆಯಲು ಕೈ ಓಡುತ್ತದೆ. ತಡೆಯಿರಿ. ತಾಯಿ ಪಿಯುಸಿ ಓದಿದ್ದಾರಾ ಎಂದೂ ಕೇಳಿದ್ದೀರಿ ಎಂದುಕೊಳ್ಳೋಣ. ಹಾಸ್ಟೆಲಿನಲ್ಲಿ ಅಂಥ ತಾಯಂದಿರ ಮಕ್ಕಳು 80, ಬಸ್ಸಿನ ಗುಂಪಿನಲ್ಲಿ 20. ತಾಯಿ ಓದಿದ ಮಕ್ಕಳ ಸರಾಸರಿ ಎರಡೂ ಕಡೆ 70. ಓದದವರ ಮಕ್ಕಳದು ಎರಡೂ ಕಡೆ 60. ಗುಣಿಸಿ ಕೂಡಿ ನೋಡಿ. ಹಾಸ್ಟೆಲಿಗೆ 68, ಬಸ್ಸಿಗೆ 62, ಸರಿಯಾಗಿ ಬರುತ್ತದೆ. ಬಸ್ಸಿನ ಪಾತ್ರ ಸೊನ್ನೆ! ತಾಯಿಯ ಓದನ್ನು ಕೇಳದೇ ಇದ್ದಿದ್ದರೆ ನಾವು ಬಸ್ಸನ್ನು ದೂರುತ್ತಿದ್ದೆವು.

ನನ್ನ ಮೊದಲ ಅಧ್ಯಯನದಲ್ಲಿ ನಾನೂ ಇದನ್ನೇ ಬಿಟ್ಟಿದ್ದೆ. ಪಾಂಡವಪುರದ ಕಡೆಯ ಸರ್ಕಾರಿ, ಖಾಸಗಿ ಶಾಲೆಗಳನ್ನು ಹೋಲಿಸಿದ್ದೆ. ಮನೆಯ ಬಗ್ಗೆ ಒಂದು ಪ್ರಶ್ನೆಯೂ ಕೇಳಿರಲಿಲ್ಲ. ಎಲ್ಲ ಮಾಹಿತಿ ಬಂದ ಮೇಲೆ ಮತ್ತೆ 200 ಮನೆಗೆ ಹೋಗಲಾಗುತ್ತದಾ? ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಪ್ರಶ್ನಾವಳಿ ಪ್ರಿಂಟಿಗೆ ಕೊಡುವ ಮೊದಲು ಕೂತು ಯೋಚಿಸಿ, ನನ್ನ ಫಲಿತಾಂಶಕ್ಕೆ ಬೇರೆ ಇನ್ನೇನು ಕಾರಣ ಇರಬಹುದು ಎಂದು. ಐದಾದರೂ ಬರೆದುಕೊಳ್ಳಿ. ಅವಕ್ಕೂ ಪ್ರಶ್ನೆ ಹಾಕಿ. ಆಮೇಲೆ ರಿಗ್ರೆಶನ್‌ನಲ್ಲಿ, ಅಂದರೆ ಹಲವು ಕಾರಣಗಳನ್ನು ಒಟ್ಟಿಗೆ ಹಿಡಿದು ಮಾಡುವ ಲೆಕ್ಕದಲ್ಲಿ, ಅವನ್ನು ಸೇರಿಸಿ ನೋಡಬಹುದು. ಅಥವಾ ಒಂದೇ ತರಹದ ಮನೆಯ ಮಕ್ಕಳನ್ನು ಜೋಡಿ ಮಾಡಿ ಹೋಲಿಸಬಹುದು.

ಮಂಡ್ಯದ್ದೇ ಒಂದು ದೊಡ್ಡ ಉದಾಹರಣೆ ಇದೆ. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಮಾನವಶಾಸ್ತ್ರಜ್ಞೆ 1950ರ ದಶಕದ ಮಧ್ಯದಲ್ಲಿ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿದ್ದು ಅಧ್ಯಯನ ಮಾಡಿದರು. ಬರಹದಲ್ಲಿ ಆ ಹಳ್ಳಿಗಳ ಹೆಸರು ವಂಗಲ ಮತ್ತು ದಲೇನ. ಕನ್ನಂಬಾಡಿ ಕಟ್ಟೆಯ ನೀರು ನಾಲೆಯಲ್ಲಿ ವಂಗಲಕ್ಕೆ ಹರಿಯಿತು. ದಲೇನದ ಜಮೀನು ನಾಲೆಗಿಂತ ಎತ್ತರದಲ್ಲಿತ್ತು, ಅಲ್ಲಿ ಬೇಸಾಯ ಖುಷ್ಕಿಯಾಗಿಯೇ ಉಳಿಯಿತು. ನೀರು ಬಂದ ಊರೇ ಹೆಚ್ಚು ಬದಲಾಗಿರಬೇಕು ಎಂದು ಯಾರಾದರೂ ಅಂದುಕೊಳ್ಳುತ್ತಾರೆ. ಆಗಿದ್ದು ಬೇರೆ. ವಂಗಲ ಕಬ್ಬು ಬೆಳೆದು ಕಾಸು ಕಂಡಿತು, ಆದರೆ ಬೇಸಾಯದ ಊರಾಗಿಯೇ ಇತ್ತು. ಹಳೆಯ ಕಟ್ಟುಪಾಡು ಬಹುಪಾಲು ಹಾಗೇ ಇದ್ದವು. ನೀರು ಸಿಗದ ದಲೇನದವರು ಮಂಡ್ಯ ಪೇಟೆಯ ಕೆಲಸ, ವ್ಯಾಪಾರ ಹಿಡಿದರು. ಊರೊಳಗಿನ ಸಂಬಂಧಗಳೂ ಅಲ್ಲೇ ಜಾಸ್ತಿ ಬದಲಾದವು. 1970ರಲ್ಲಿ ಆಕೆ ಮತ್ತೆ ಅದೇ ಊರುಗಳಿಗೆ ಬಂದು ನೋಡಿದರು.

ಇದರಲ್ಲಿ ನಮಗೆ ಎರಡು ಪಾಠ ಇದೆ. ಹೋಲಿಕೆಗೆ ಅಕ್ಕಪಕ್ಕದ, ಒಂದೇ ಹಿನ್ನೆಲೆಯ ಊರು ಆರಿಸಿದ್ದರಿಂದ ಬೇರೆ ಎಷ್ಟೋ ಕಾರಣಗಳು ತಾವಾಗಿಯೇ ಸಮ ಆದವು. ಯಾರ ಜಮೀನಿಗೆ ನೀರು ಎಂದು ತೀರ್ಮಾನಿಸಿದ್ದು ನೆಲದ ಎತ್ತರ, ಊರಿನವರ ಶ್ರಮವೋ ಸೋಮಾರಿತನವೋ ಅಲ್ಲ. ಇಂಥ ಹೋಲಿಕೆ ಸಿಕ್ಕರೆ ಬಿಡಬೇಡಿ. ಆದರೂ ಅವು ಎರಡೇ ಊರು. ಎಲ್ಲ ನೀರಾವರಿ ಹಳ್ಳಿಗೂ ಇದೇ ಮಾತು ಎಂದು ಅಂಕಿಯ ಬಲದಲ್ಲಿ ಹೇಳಲು ಎರಡು ಸಾಲದು.

ಹಾಗಾದರೆ ಇವೆರಡರಲ್ಲಿ ಯಾವುದು? ಚರ, ಅಂದರೆ ನೀವು ಅಳೆಯುವ ಸಂಗತಿ, ಹೇಗಿದೆಯೋ ಹಾಗೇ ಬಿಡಿ. ಹಾಸ್ಟೆಲು, ಬಸ್ಸು ನಿಜವಾಗಿಯೂ ಎರಡು ಗುಂಪು. ಗುಂಪಾಗಿಯೇ ಹೋಲಿಸಿ. ಬಸ್ಸಿನ ಹೊತ್ತು 10 ನಿಮಿಷದಿಂದ 120 ನಿಮಿಷದವರೆಗೆ ಹರಡಿರುತ್ತದೆ. ಅದನ್ನು ಸುಮ್ನೆ ನಡುವೆ ಕತ್ತರಿಸಿ ಹತ್ತಿರ, ದೂರ ಎಂದು ಎರಡು ಮಾಡಬೇಡಿ. 59 ನಿಮಿಷದ ಹುಡುಗಿ ಒಂದು ಕಡೆ, 61 ನಿಮಿಷದವಳು ಇನ್ನೊಂದು ಕಡೆ ಬೀಳುತ್ತಾರೆ, ಮಾಹಿತಿ ಹಾಳಾಗುತ್ತದೆ. ಜನರ ಲೆಕ್ಕದಲ್ಲೂ ನಷ್ಟ. 0.30ರಷ್ಟು ಸಹಸಂಬಂಧ ಇದ್ದರೆ (ಸೊನ್ನೆ ಎಂದರೆ ಸಂಬಂಧವೇ ಇಲ್ಲ, ಒಂದು ಎಂದರೆ ಪೂರ್ತಿ ಸಂಬಂಧ) ಅದನ್ನು ಹಿಡಿಯಲು ಸುಮಾರು 85 ಜನ ಸಾಕು. ಮಧ್ಯಮ ಗಾತ್ರದ ವ್ಯತ್ಯಾಸವನ್ನು ಎರಡು ಗುಂಪಿನಲ್ಲಿ ಹಿಡಿಯಲು ಗುಂಪಿಗೆ 64ರಂತೆ 128 ಬೇಕು. ಬೇರೆ ಚರಗಳನ್ನೂ ರಿಗ್ರೆಶನ್‌ಗೆ ಸೇರಿಸುವುದಾದರೆ ಒಂದೊಂದಕ್ಕೆ ಕನಿಷ್ಠ 10–15 ಜನ ಎಂದು ಅಂದಾಜು ಇಟ್ಟುಕೊಳ್ಳಿ.

ಇನ್ನೊಂದು ಮಾತು. 0.30 ಬಂದ ಕೂಡಲೇ ಶೇ. 30 ಪ್ರಭಾವ ಎಂದು ಬರೆಯಬೇಡಿ. ಅದರ ವರ್ಗ 0.09. ಅಂಕಗಳ ಏರಿಳಿತದಲ್ಲಿ ಶೇ. 9 ಮಾತ್ರ ಬಸ್ಸಿನ ಹೊತ್ತಿನ ಜೊತೆ ಹೋಗುತ್ತದೆ ಎಂದು ಅರ್ಥ. "ಪ್ರಭಾವ" ಎನ್ನುವ ಪದವನ್ನೂ ಶೀರ್ಷಿಕೆಯಿಂದ ತೆಗೆಯಿರಿ, "ಸಂಬಂಧ" ಎಂದು ಹಾಕಿ. ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಮೊದಲ ಪ್ರಶ್ನೆ ಬರುವುದೇ ಅಲ್ಲಿಂದ.

ಹಿಂದಕ್ಕೆ ನೋಡುವ ಅಧ್ಯಯನ

ನರ್ಸ್ ಕೇಳಿದ ಪ್ರಶ್ನೆಗೆ ಇದು ಸರಿ ಹೊಂದುತ್ತದೆ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗು ಹೆತ್ತ ತಾಯಂದಿರು 80 ಜನ, ಸರಿ ತೂಕದ ಮಗು ಹೆತ್ತವರು 80 ಜನ. ಎರಡೂ ಕಡೆ ತಾಯಿ ಕಾರ್ಡ್ ತೆಗೆದು ಹಿಮೋಗ್ಲೋಬಿನ್ ಎಷ್ಟಿತ್ತು, ಎಷ್ಟನೇ ಬಸಿರು, ವಯಸ್ಸೆಷ್ಟು ಎಂದು ಹಿಂದಕ್ಕೆ ಹೋಗಿ ನೋಡುವುದು. ಡಾಲ್ ಮತ್ತು ಹಿಲ್ ಎಂಬ ಬ್ರಿಟಿಷ್ ಸಂಶೋಧಕರು ಲಂಡನ್ನಿನ ಆಸ್ಪತ್ರೆಗಳಲ್ಲಿ ಇದನ್ನೇ ಮಾಡಿ 1950ರಲ್ಲಿ ಪ್ರಕಟಿಸಿದ್ದು. ಶ್ವಾಸಕೋಶದ ಕ್ಯಾನ್ಸರ್ ಇದ್ದ 709 ಜನ, ಇಲ್ಲದ 709 ಜನ, ಯಾರು ಎಷ್ಟು ಸಿಗರೇಟು ಸೇದಿದ್ದರು ಎಂದು ಕೇಳಿದರು.

ಸಮಯ ಕಡಿಮೆ, ಖರ್ಚು ಕಡಿಮೆ, ಅಪರೂಪದ ತೊಂದರೆಗೂ ಒಗ್ಗುತ್ತದೆ. ಆದರೆ ಇದರಿಂದ ಮೈಸೂರಿನಲ್ಲಿ ಶೇಕಡಾ ಎಷ್ಟು ಮಕ್ಕಳು ಕಡಿಮೆ ತೂಕದವು ಎಂದು ಹೇಳಲಾಗುವುದಿಲ್ಲ. 80–80 ಎಂದು ನೀವೇ ಆರಿಸಿಕೊಂಡಿದ್ದೀರಲ್ಲ. ದಾಖಲೆ ಸರಿ ಇಲ್ಲದಿದ್ದರೆ ನೆನಪಿನ ಮೇಲೆ ನಿಲ್ಲಬೇಕು, ನೆನಪು ಮೋಸ ಮಾಡುತ್ತದೆ. ಕಡಿಮೆ ತೂಕದ ಮಗು ಹೆತ್ತ ತಾಯಿ ತಾನೇನು ತಪ್ಪು ಮಾಡಿದೆ ಎಂದು ಮತ್ತೆ ಮತ್ತೆ ಯೋಚಿಸಿರುತ್ತಾಳೆ. ಇನ್ನೊಬ್ಬಳು ಮರೆತಿರುತ್ತಾಳೆ. ನೆನಪೇ ಗತಿ ಆದಾಗ ತಿಂಗಳು, ತಾರೀಖು ಕೇಳಬೇಡಿ. "ಯುಗಾದಿಗೆ ಮುಂಚೆಯಾ, ಆಮೇಲಾ?", "ದಸರಾ ಹೊತ್ತಿಗೆ ಎಷ್ಟು ತಿಂಗಳಾಗಿತ್ತು?" ಎಂದು ಕೇಳಿ. ರೈತರಿಗಾದರೆ ನಾಲೆಗೆ ನೀರು ಬಿಟ್ಟಿದ್ದು, ಕಬ್ಬು ಕಡಿದಿದ್ದು. ಉತ್ತರ ಎಷ್ಟೋ ಸ್ಪಷ್ಟವಾಗಿ ಬರುತ್ತದೆ.

ಒಳ್ಳೆಯ ದಾಖಲೆ ಏನು ಮಾಡಬಲ್ಲದು ಎಂದು ಮೈಸೂರಿನವರಿಗೆ ಹೊರಗಿನ ಉದಾಹರಣೆ ಬೇಕಾಗಿಲ್ಲ. ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆ, ನಾವೆಲ್ಲ ಮಿಷನ್ ಆಸ್ಪತ್ರೆ ಎನ್ನುವುದು, ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿದ್ದರು. ಅರ್ಧ ಶತಮಾನ ಕಳೆದ ಮೇಲೆ ಸಂಶೋಧಕರು ಆ ಪುಸ್ತಕ ಹಿಡಿದು, 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿದ 517 ಜನರನ್ನು ಊರಲ್ಲೇ ಹುಡುಕಿ ಹೃದಯ ಪರೀಕ್ಷೆ ಮಾಡಿದರು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಕಡಿಮೆ ಇದ್ದವರಲ್ಲಿ ಶೇ. 11 ಜನಕ್ಕೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ಶೇ. 3. ಇದು 1996ರಲ್ಲಿ ಪ್ರಕಟವಾಯಿತು. ಆಗ ತೂಕ ಬರೆದ ದಾದಿಯರಿಗೆ ಇದೊಂದೂ ಗೊತ್ತಿರಲಿಲ್ಲ. ತೂಕ ಹುಟ್ಟಿದ ದಿನವೇ ಬರೆದಿದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಎಂಬ ಅನುಮಾನವೇ ಇಲ್ಲ. ನರ್ಸ್‌ಗಳು ಇದನ್ನು ಓದುತ್ತಿದ್ದರೆ, ನೀವು ದಿನಾ ತುಂಬುವ ರಿಜಿಸ್ಟರ್ ನಾಳೆ ಯಾರದೋ ಕೈಗೆ ಹೀಗೆ ಸಿಗಬಹುದು, ದಯವಿಟ್ಟು ಒಂದು ಕಾಲಂ ಕೂಡ ಖಾಲಿ ಬಿಡಬೇಡಿ.

ದಾಖಲೆ ಮುಟ್ಟುವ ಮೊದಲು ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಅದಕ್ಕೆ ವಾರಗಳು ಹಿಡಿಯುತ್ತವೆ, ವೇಳಾಪಟ್ಟಿಯಲ್ಲಿ ಮೊದಲೇ ಹಾಕಿಕೊಳ್ಳಿ.

ಮುಂದಕ್ಕೆ ನಡೆಯುವ ದೀರ್ಘಾವಧಿ ಅಧ್ಯಯನ

ಅದೇ ಜನರನ್ನು ಮತ್ತೆ ಮತ್ತೆ ಅಳೆಯುವುದು. ಪ್ರಯೋಗವಲ್ಲದ ದಾರಿಗಳಲ್ಲಿ ಕಾರಣಕ್ಕೆ ತೀರ ಹತ್ತಿರ ಒಯ್ಯುವುದು ಇದು, ಯಾಕೆಂದರೆ ಸಾಲ ಮೊದಲು ಬಂತಾ, ಮಗು ಶಾಲೆ ಬಿಟ್ಟಿದ್ದು ಮೊದಲಾ ಎಂದು ಕಣ್ಣೆದುರೇ ಕಾಣುತ್ತದೆ. ಒಂದೇ ಸಲದ ಸಮೀಕ್ಷೆಯಲ್ಲಿ ಅದು ಗೊತ್ತಾಗುವುದಿಲ್ಲ. ಮಗನ ಕಾಲೇಜು ಫೀಸಿಗೇ ಸಾಲ ಮಾಡಿರಬಹುದಲ್ವಾ?

ತೊಂದರೆ ಎಂದರೆ ಜನ ಕೈತಪ್ಪುತ್ತಾರೆ. ಕೆಲಸ ಹುಡುಕಿ ಬೆಂಗಳೂರಿಗೆ ಹೋಗುತ್ತಾರೆ, ಮದುವೆ ಆಗಿ ಹೋಗುತ್ತಾರೆ, ಬೇಸತ್ತು ಬಾಗಿಲು ಹಾಕಿಕೊಳ್ಳುತ್ತಾರೆ. ಸುತ್ತಿಗೆ ಶೇ. 20 ಬಿಟ್ಟುಹೋದರೆ 300 ಮನೆ ಎರಡನೇ ಸುತ್ತಿಗೆ 240, ಮೂರನೆಯದಕ್ಕೆ 192. ಹೋದವರು ಯಾರು ಎನ್ನುವುದು ಇನ್ನೂ ಮುಖ್ಯ. ಹೆಚ್ಚು ಸಾಲ ಇದ್ದವರೇ ಊರು ಬಿಟ್ಟಿದ್ದರೆ ಉಳಿದವರ ಚಿತ್ರ ಸುಳ್ಳಾಗುತ್ತದೆ. ಎಂ.ಎ., ಎಂ.ಎಡ್. ಅವಧಿಯಲ್ಲಿ ಇದಕ್ಕೆ ಕೈ ಹಾಕಬೇಡಿ. ಮೂರು ವರ್ಷ ಇರುವ ಪಿಎಚ್.ಡಿ.ಯವರು ಧೈರ್ಯವಾಗಿ ಹಾಕಬಹುದು.

ಬೇರೆಯವರು ಕೂಡಿಟ್ಟ ಅಂಕಿ

ಓಡಾಡಲು ಆಗದವರಿಗೆ ಇದು ವರ. ಜನಗಣತಿ ಪಟ್ಟಿಗಳು, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾವಾರು ಹಾಳೆಗಳು ಯಾರಿಗಾದರೂ ಸಿಗುತ್ತವೆ. ಆದರೆ ಜನಗಣತಿಯ ಅಂಕಿ 2011ರದ್ದು. ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು 2019–21ರದ್ದು, ಅದು ಜಿಲ್ಲೆಯ ಮಟ್ಟಕ್ಕೆ ನಿಲ್ಲುತ್ತದೆ, ನಾಗಮಂಗಲವನ್ನೂ ಮಳವಳ್ಳಿಯನ್ನೂ ಹೋಲಿಸಲು ಬರುವುದಿಲ್ಲ. ನಿಮಗೆ ಬೇಕಾದ ಪ್ರಶ್ನೆಯನ್ನು ಅವರು ಕೇಳಿರದೇ ಇರಬಹುದು. ಜಿಲ್ಲೆಗಳ ಅಂಕಿ ನೋಡಿ ಮನುಷ್ಯರ ಬಗ್ಗೆ ತೀರ್ಮಾನ ಮಾಡುವ ತಪ್ಪಿಗೂ ಬೀಳಬೇಡಿ.

ಕಾಲೇಜುಗಳ ದಾಖಲಾತಿ ಪುಸ್ತಕ ಸಿಕ್ಕರೆ ಇನ್ನೂ ಚೆನ್ನ. ಹೆಣ್ಣುಮಕ್ಕಳಿಗೆ ಉಚಿತ ಬಸ್ ಕೊಡುವ ಶಕ್ತಿ ಯೋಜನೆ ಶುರುವಾಗಿದ್ದು 2023ರ ಜೂನ್ 11ರಂದು. ಅದಕ್ಕೆ ಮೊದಲು, ಆಮೇಲೆ ದೂರದ ಹಳ್ಳಿಯ ಹುಡುಗಿಯರ ದಾಖಲಾತಿ ಎಷ್ಟು ಬದಲಾಯಿತು, ಟಿಕೆಟ್ ತೆಗೆಯುವ ಹುಡುಗರದು ಎಷ್ಟು ಬದಲಾಯಿತು ಎಂದು ಪಕ್ಕಪಕ್ಕ ಇಟ್ಟರೆ ಬಲವಾದ ಅಧ್ಯಯನ ಆಗುತ್ತದೆ. ಅಂಕ ಹೋಲಿಸುವಾಗ ಮಾತ್ರ 2021 ಬಿಟ್ಟುಬಿಡಿ. ಆ ವರ್ಷ ಕೋವಿಡ್‌ನಿಂದ ದ್ವಿತೀಯ ಪಿಯುಸಿಯ ಮಾಮೂಲಿ ಪರೀಕ್ಷೆ ರದ್ದಾಯಿತು, ರೆಗ್ಯುಲರ್ ವಿದ್ಯಾರ್ಥಿಗಳೆಲ್ಲರನ್ನೂ ಪಾಸು ಮಾಡಿದರು.

ಮೂವರಿಗೆ ನಾನು ಹೇಳಿದ್ದು

ಎಂ.ಎಡ್. ಹುಡುಗಿಗೆ: ಒಂದೇ ಸಲದ, ಯಾಕೆ ಎಂದು ವಿವರಿಸುವ ಉದ್ದೇಶದ ಅಧ್ಯಯನ ಮಾಡು. ಬಸ್ಸಿನ ಹೊತ್ತನ್ನು ನಿಮಿಷದಲ್ಲೇ ಅಳೆ. ತಾಯಿಯ ಓದು, ಮನೆಯ ಆದಾಯ, ಎಸ್ಸೆಸ್ಸೆಲ್ಸಿ ಅಂಕ, ಟ್ಯೂಷನ್, ಮನೆಕೆಲಸದ ಹೊತ್ತು ಕೇಳು. 14 ಕಾಲೇಜು, ಒಂದೊಂದರಲ್ಲಿ 15 ಮಕ್ಕಳು, 210 ಆಗುತ್ತದೆ. ಪಟ್ಟಿಯಿಂದ ಲಾಟರಿ ಎತ್ತಿಯೇ ಆರಿಸು. ದುಡ್ಡು ಸಾಲದಿದ್ದರೆ ತಾಲ್ಲೂಕು ಕಡಿಮೆ ಮಾಡು, ಪ್ರಶ್ನೆ ಕಡಿಮೆ ಮಾಡಬೇಡ. ಆಗ ಜಿಲ್ಲೆ ಎಂಬ ಪದವನ್ನು ಶೀರ್ಷಿಕೆಯಿಂದ ತೆಗೆದು ಆ ತಾಲ್ಲೂಕುಗಳ ಹೆಸರು ಹಾಕಿದರಾಯಿತು.

ನರ್ಸ್‌ಗೆ: 80–80ರ ಹಿಂದಕ್ಕೆ ನೋಡುವ ಅಧ್ಯಯನ. ಡ್ಯೂಟಿ ಮುಗಿದ ಮೇಲೆ ದಿನಕ್ಕೆ ಎಂಟು ಕಾರ್ಡ್ ನೋಡಿದರೂ 20 ದಿನಕ್ಕೆ ಮುಗಿಯುತ್ತದೆ. ವಯಸ್ಸು ಮತ್ತು ಎಷ್ಟನೇ ಬಸಿರು ಎರಡನ್ನೂ ಹೊಂದಿಸಿ ಜೋಡಿ ಮಾಡಿಕೊಳ್ಳಿ.

ಪಿಎಚ್.ಡಿ.ಯವರಿಗೆ: 300 ಮನೆ, ವರ್ಷಕ್ಕೊಂದು ಸುತ್ತು, ಕಬ್ಬು ಕಡಿದು ಹಣ ಕೈಗೆ ಬಂದ ಮೇಲೆ. ಪ್ರತಿ ಮನೆಯಿಂದ ಬೇರೆ ಊರಿನ ಒಬ್ಬ ನೆಂಟರ ಫೋನ್ ನಂಬರ್ ಮೊದಲ ದಿನವೇ ಬರೆದುಕೊಳ್ಳಿ. ಮೂರನೇ ವರ್ಷ ಆ ಮನೆಗೆ ಬೀಗ ಬಿದ್ದಿದ್ದರೆ ಅವರನ್ನು ಹುಡುಕಲು ಅದೊಂದೇ ದಾರಿ.